ಮೊರದ ಅಂಚಿನ ಉಪ್ಪು

ನಿನ್ನೆ ಸಂಜೆ ನನ್ನ ಮೊಮ್ಮಗಳು ಹೊಸ್ತಿಲು ದಾಟಿದಳು! ಯಾರ ಕೈಯನ್ನೂ ಹಿಡಿಯದೆ, ಗೋಡೆಯನ್ನೂ ಮುಟ್ಟದೆ, ಪಡಸಾಲೆಯಿಂದ ಅಂಗಳಕ್ಕೆ. ದಾಟಿ ನಿಂತು, ತಾನು ಏನು ಮಾಡಿದೆ ಎಂದು ನಮ್ಮೆಲ್ಲರ ಮುಖ ನೋಡಿ, ಕೇಕೆ ಹಾಕಿ ನಕ್ಕು, ದೊಪ್ಪನೆ ಕೂತುಬಿಟ್ಟಳು. ನಾನು ಬೇಳೆ ಆರಿಸುತ್ತಿದ್ದವಳು ಮೊರವನ್ನು ಅಲ್ಲೇ ಚೆಲ್ಲಿ ಎದ್ದೆ. ಮೊಣಕಾಲು ನೋವು ಎಲ್ಲಿ ಹೋಯಿತೋ ಏನೋ! ಕೂಸನ್ನು ಎತ್ತಿಕೊಂಡು ಆ ಎರಡು ಪಾದಗಳಿಗೆ ಮುದ್ದಿಟ್ಟೆ, ಮಣ್ಣು ಹತ್ತಿದ್ದರೂ ಮುದ್ದಿಟ್ಟೆ. ಕೂಸು ಹೊಸ್ತಿಲು ದಾಟಿದ ದಿನ ನಮ್ಮ ಮನೆಯಲ್ಲಿ ಪುಟಾಣಿ-ಬೆಲ್ಲ ಹಂಚುವುದು ಪದ್ಧತಿ. ಓಣಿಯ ಒಂದು ಬಾಗಿಲನ್ನೂ ಬಿಡಲಿಲ್ಲ. ಮಾತು ಬಿಟ್ಟವರ ಮನೆಗೂ ಹೋಗಿ ಕೊಟ್ಟು ಬಂದೆ.

ರಾತ್ರಿ ಊಟಕ್ಕೆ ಕೂತಾಗ ಮಗ ಅಂದ: "ಯವ್ವಾ, ಈ ಬ್ಯಾಸಗ್ಯಾಗ ಕೂಸಿಗಿ ಗೋಕರ್ಣಕ್ಕ ಕರ್ಕೊಂಡು ಹೋಗಾಮು. ಅಲ್ಲಿಂದ ಸಮುದ್ರದ ದಂಡಿ ಹಿಡದು ಮುರುಡೇಶ್ವರ ತನಕ. ಉಸಕಿನ್ಯಾಗ ನಡೀಲಿ ಕೂಸು. ನೀನೂ ಬಾ, ನೀ ಎಂದೂ ಸಮುದ್ರಾ ನೋಡಿಲ್ಲ."

ಬೆಳಿಗ್ಗೆ ಹೇಳುತ್ತೇನೆ ಅಂದೆ. ಆ ದಾರಿಯನ್ನು ನಾನು ನೋಡಿಲ್ಲ ನಿಜ. ಆದರೆ ಅದನ್ನು ಊರಿಂದ ಊರಿಗೆ ಹೇಳಬಲ್ಲೆ. ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗ ಆ ದಾರಿಯನ್ನು ಒಂದು ಮೊರದ ಮೇಲೆ ಇಡೀ ಚಳಿಗಾಲ ನೋಡಿದ್ದೇನೆ. ಅದನ್ನು ಮಗನಿಗೆ ಬಾಯಿಂದ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಯ್ಯನವರ ಮಠದಲ್ಲಿ ಮರಳ ಮೇಲೆ ಬೆರಳಾಡಿಸಿ ಕಲಿತ ಅಕ್ಷರ ನನ್ನದು. ಸಾಲು ಸೊಟ್ಟ ಹೋದರೆ ಹೋಗಲಿ.

ನಿಜಾಮರ ರಾಜ್ಯ ಮುಗಿಯಲು ಒಂದೆರಡು ವರ್ಷ ಬಾಕಿ ಇದ್ದ ಕಾಲ. ನಮ್ಮದು ನಾರಾಯಣಖೇಡದಿಂದ ಕಂಗ್ಟಿಯ ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿ. ಕರಿಮಣ್ಣು, ಜೋಳ, ತೊಗರಿ. ಅಪ್ಪ ಹೊಲ ಮಾಡುತ್ತಿದ್ದ. ಸುಗ್ಗಿ ಮುಗಿದ ಮೇಲೆ ಊರವರ ತೊಗರಿಯನ್ನೂ ಗಾಡಿಯಲ್ಲಿ ಹೇರಿಕೊಂಡು ಜಹೀರಾಬಾದಿನ ಟೇಷನ್ನಿಗೆ ಹೊಡೆಯುತ್ತಿದ್ದ. ಅವ್ವ ನಡೆಯುತ್ತಿರಲಿಲ್ಲ.

ನನ್ನ ತಮ್ಮ ಹುಟ್ಟಿ, ಕಣ್ಣು ಬಿಡುವಷ್ಟರಲ್ಲಿ ಹೋದ. ಆ ಹೆರಿಗೆಯಲ್ಲಿ ಅವ್ವನ ಸೊಂಟದ ಕೆಳಗಿನ ಜೀವವೂ ಅವನ ಹಿಂದೆಯೇ ಹೋಯಿತು. ಕಾಲುಗಳು ನೋಡಲು ಚೆನ್ನಾಗಿಯೇ ಇದ್ದವು. ಕಾಲುಂಗುರಗಳು ಮದುವೆಯ ದಿನ ಹಾಕಿದಷ್ಟೇ ಹೊಸದಾಗಿ ಹೊಳೆಯುತ್ತಿದ್ದವು. ನಡೆಯದ ಕಾಲಿನ ಕಾಲುಂಗುರ ಸವೆಯುವುದೆಲ್ಲಿಂದ? ಒಂದು ಗೋಣಿತಟ್ಟಿನ ಮೇಲೆ ಕೂತು, ಎರಡೂ ಕೈ ಊರಿ ಅವಳು ಮನೆಯೆಲ್ಲ ಸರಿದಾಡುತ್ತಿದ್ದಳು. ಅವಳ ಅಂಗೈ ನಮ್ಮ ಅಂಗಾಲಿನಂತೆ ಬಿರಿದಿತ್ತು. ಕೂತೇ ರೊಟ್ಟಿ ಬಡಿಯುವಳು, ಕೂತೇ ಕೌದಿ ಹೊಲಿಯುವಳು, ಕೂತಲ್ಲಿಂದಲೇ ಇಡೀ ಮನೆಯನ್ನು ಬೈಯುವಳು. ನಾಲಿಗೆಗೆ ಮಾತ್ರ ನಾಲ್ಕು ಕಾಲಿದ್ದವು.

ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಊರೇ ಹೊಲಕ್ಕೆ ಹೋಗುತ್ತದೆ. ಕಾಳು-ಸೊಪ್ಪು ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಹೊತ್ತುಕೊಂಡು ಹೋಗಿ, ಬೆಳೆಗೆ ಎಡೆಯೆಂದು ಚರಗ ಚೆಲ್ಲಿ, ಅಲ್ಲೇ ಉಂಡು ಬರುವುದು. ಅವ್ವ ಹೋಗುತ್ತಿರಲಿಲ್ಲ. ಅವಳ ಜೊತೆ ನಾನು ಉಳಿಯುತ್ತಿದ್ದೆ. ಆ ವರ್ಷ ಹೀಗೆ ಖಾಲಿ ಊರಿನಲ್ಲಿ ನಾವಿಬ್ಬರೇ ಇದ್ದಾಗ ಒಬ್ಬ ಮುದುಕ ಜಂಗಮ ಅಯ್ಯ ಭಿಕ್ಷೆಗೆ ಬಂದು ಬಾಗಿಲಲ್ಲಿ ನಿಂತ.

"ಮನ್ಯಾಗ ಯಾರೂ ಇಲ್ಲೇನು ತಾಯಿ?"

"ನಾ ಇಲ್ಲೇನ್ರಿ ಅಯ್ಯನೋರೇ? ನಡೀಲಾರ್ದಾಕಿ ಮನಶ್ಯಾಳ ಲೆಕ್ಕದಾಗ ಬರೂದಿಲ್ಲೇನು?"

ಅಯ್ಯ ನಕ್ಕುಬಿಟ್ಟ. ಅವ್ವ ನನ್ನ ಕೈಯಿಂದ ಅವನಿಗೆ ಭಜ್ಜಿ ಬಡಿಸಿದಳು. ಉಂಡು, ಕಂಬಕ್ಕೆ ಆತು ಕೂತು, ಅವನು ತಾನು ತಿರುಗಿದ ಊರುಗಳನ್ನು ಹೇಳತೊಡಗಿದ. ರಾವಣನ ಕೈಯಿಂದ ಜಾರಿದ ಲಿಂಗ ಗೋಕರ್ಣದಲ್ಲಿ ನೆಲ ಹಿಡಿಯಿತು, ಅದರ ಚೂರುಗಳು ಬೇರೆ ನಾಲ್ಕು ಕಡೆ ಬಿದ್ದವು, ಐದೂ ಸಮುದ್ರದ ದಂಡೆಗುಂಟ ಇವೆ ಎಂದ. ತಾನು ಪ್ರಾಯದಲ್ಲಿ ಶ್ರಾವಣ ಮಾಸದಲ್ಲಿ ಐದನ್ನೂ ನಡೆದು ನೋಡಿದ್ದೆ, ನಡುವೆ ಹೊಳೆಗಳನ್ನು ದೋಣಿಯಲ್ಲಿ ದಾಟಿದ್ದೆ ಎಂದ. ಆಮೇಲೆ ಅವ್ವನ ಕಾಲುಗಳನ್ನು ನೋಡಿ ಇನ್ನೊಂದು ಮಾತು ಹೇಳಿದ.

"ಕಾಲು ಬಿದ್ದ ಒಬ್ಬ ಹೆಣ್ಣುಮಗಳಿಗಿ ಹೊತ್ಕೊಂಡು ಹೋಗಿ, ಐದೂ ಕಡಿ ಕುತಗಿ ತನಕ ಉಪ್ಪುನೀರಾಗ ಕೂಡಿಸಿದ್ರಂತ ತಾಯಿ. ಹೋಗೂವಾಗ ಹೊತ್ಕೊಂಡು ಹೋದ್ರು, ಬರೂವಾಗ ತಾನೇ ನಡಕೋತ ಬಂದ್ಳಂತ."

"ನೀವು ನೋಡೀರೇನ್ರಿ?"

"ನೋಡಿಲ್ಲ. ಕೇಳೀನಿ."

ನೋಡಿಲ್ಲ ಎಂಬ ಮಾತು ಅವ್ವನ ಕಿವಿಯ ಹೊರಗೇ ಉಳಿಯಿತು.

ಅಪ್ಪ ಹೊಲದಿಂದ ಬಂದು ಇನ್ನೂ ಕೈಕಾಲು ತೊಳೆದಿರಲಿಲ್ಲ. ಅವ್ವ ಕೇಳಿದಳು, "ಏನ್ರಿ, ಬ್ಯಾಸಗ್ಯಾಗ ಗಾಡಿ ಖಾಲಿನೇ ಇರ್ತದಲ್ಲ?"

"ಎಲ್ಲಿ ಖಾಲಿ? ತೊಗರಿ ಹೊಡೀಬೇಕು."

"ತೊಗರಿ ಹೊಡದ ಮ್ಯಾಲ?"

"ಅದರ ಮ್ಯಾಲ ನೀನೇ ಹೇಳು."

ಅವಳು ಹೇಳಿದಳು. ಅಪ್ಪ ಚೊಂಬು ಹಿಡಿದು ನಿಂತೇ ಇದ್ದ. ಆತ ಮಾಡದೇ ಬಿಟ್ಟಿದ್ದು ಯಾವುದೂ ಇರಲಿಲ್ಲ. ಜಹೀರಾಬಾದಿನ ಹಕೀಮನ ಎಣ್ಣೆ ಆಗಿತ್ತು, ದರ್ಗಾದ ತಾಯಿತ ಆಗಿತ್ತು, ಎಲುಬು ಕೂಡಿಸುವವನು ಎಳೆದು ನೋಡಿದ್ದೂ ಆಗಿತ್ತು. ಪ್ರತಿ ಸಲವೂ ಅವ್ವ ಹಿಂದಿಗಿಂತ ಹೆಚ್ಚು ಆಸೆ ಪಟ್ಟಿದ್ದಳು, ಅಪ್ಪ ಹಿಂದಿಗಿಂತ ಕಡಿಮೆ. ಈ ಸಲ ಅವನ ಪಾಲಿನ ಆಸೆ ಪೂರ್ತಿ ಮುಗಿದಿತ್ತು. ಹನ್ನೆರಡರ ನನಗೂ ಅದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಆದರೂ ಆತ, "ನೋಡಮು" ಎಂದ. ಇಲ್ಲ ಅನ್ನಲು ಬಾಯಿ ಬರಬೇಕಲ್ಲ.

ಮರುದಿನದಿಂದ ಅವ್ವನ ಮೊರ ಶುರುವಾಯಿತು. ನಾವು ಹೋಗಬೇಕಾದದ್ದು ಪರದೇಶ. ನಮ್ಮ ನಿಜಾಮರ ರೂಪಾಯಿ, ಹಾಲಿ ಸಿಕ್ಕಾ, ಅಲ್ಲಿ ನಡೆಯುವುದಿಲ್ಲ, ನಮ್ಮ ಕಾಗದಕ್ಕೆ ಅಲ್ಲಿ ಬೆಲೆಯಿಲ್ಲ, ಸರಹದ್ದಿನ ನಾಕಾದಲ್ಲಿ ಗಾಡಿ ತಡೆದು ಕೇಳುತ್ತಾರೆ. ಆಚೆಗೆ ಇಂಗ್ರೇಜರ ಮುಲ್ಕು. ಅಂಥ ದೇಶದ ನಕ್ಷೆ ನಮ್ಮ ಮನೆಯಲ್ಲಿ ಎಲ್ಲಿಂದ ಬರಬೇಕು? ಅವ್ವ ಹಳೆಯ ಮೊರವನ್ನು ಸಗಣಿ ಹಾಕಿ ಸಾರಿಸಿ ಒಣಗಿಸಿ ಮುಂದಿಟ್ಟುಕೊಂಡಳು. ಈ ತುದಿಗೆ ಒಂದು ತೊಗರಿ ಕಾಳು ಇಟ್ಟಳು, ಅದು ನಮ್ಮ ಮನೆ. ಅಲ್ಲಿಂದ ಮುಂದೆ ರಾತ್ರಿ ಬಿಡಾರ ಮಾಡುವ ಕಡೆಗೊಂದೊಂದು ಜೋಳದ ಕಾಳು: ಖೇಡ, ಜಹೀರಾಬಾದ್, ಮೊಗುಡಂಪಲ್ಲಿ, ಚಿಂಚೋಳಿ, ಕಲಬುರ್ಗಿ. ಮುಂದಿನದು ಅಯ್ಯ ಹೇಳಿದ್ದು, ದಾರಿಹೋಕರು ಹೇಳಿದ್ದು. ಹುಬ್ಬಳ್ಳಿಯ ನಂತರ ಘಟ್ಟ. ಅದಕ್ಕೆ ಅವಳು ಹುಣಸೆಬೀಜ ಸಾಲಾಗಿ ಇಟ್ಟಳು. ಮೊರದ ಆಚೆಯ ಅಂಚಿಗೆ ಉದ್ದಕ್ಕೂ ಹರಳುಪ್ಪು. ಅದು ಸಮುದ್ರ.

ಉಪ್ಪು ಸಮುದ್ರದಿಂದ ಬರುತ್ತದೆಂದು ನನಗೆ ಗೊತ್ತಾದದ್ದು ಅವತ್ತೇ! ದಿನಾ ಬೇಳೆಗೆ ಹಾಕುವ ವಸ್ತು, ಅಷ್ಟು ದೂರದಿಂದ ಬಂದದ್ದೇ? ಒಂದು ಹರಳು ಬಾಯಿಗೆ ಹಾಕಿಕೊಂಡೆ. "ಏ ಹುಡುಗಿ, ಗೋಕರ್ಣಾ ತಿನಬ್ಯಾಡ!" ಎಂದು ಅವ್ವ ಕೈ ಮೇಲೆ ಹೊಡೆದಳು.

ಐದು ಲಿಂಗಕ್ಕೆ ಐದು ಹೆಸರುಕಾಳು ಉಪ್ಪಿನ ಪಕ್ಕದಲ್ಲಿ ಕೂತವು. ಅವುಗಳ ನಡುವೆ ಅವ್ವ ನೂಲಿನ ಎಳೆ ಇಟ್ಟಳು, ಅಯ್ಯ ದೋಣಿಯಲ್ಲಿ ದಾಟಿದ ಹೊಳೆಗಳು. ಅಪ್ಪ ನಿಂತು ನೋಡಿ, "ಈ ಹೊಳಿಗೋಳು ಗಾಡಿಗಿ ಹ್ಯಾಂಗ ದಾಟಸೂದು?" ಎಂದ.

ಅವ್ವ ನಕ್ಕಳು. ನಕ್ಕು, ಒಂದೊಂದೇ ಎಳೆ ಹಿಡಿದು ಎಳೆದು ಮೊರದಿಂದ ಆಚೆ ಹಾಕಿದಳು. "ಅಯ್ಯ ಹೋಗಿದ್ದು ಶ್ರಾವಣದಾಗ್ರಿ. ಮಳಿಗಾಲ. ಬ್ಯಾಸಗ್ಯಾಗ ಹೊಳಿ ಎಲ್ಲಿರ್ತದ? ನಮ್ಮ ಮಾಂಜ್ರಿ ಇರ್ತದೇನು?"

ಈ ಮಾತಿಗೆ ಅಪ್ಪನೂ ತಲೆಯಾಡಿಸಿದ. ನಾನೂ ಆಡಿಸಿದೆ. ನಮ್ಮೂರಿಂದ ಜಹೀರಾಬಾದಿಗೆ ಹೋಗಬೇಕಾದರೆ ನಡುವೆ ಮಾಂಜ್ರಾ ಹೊಳೆ. ಮಳೆಗಾಲದಲ್ಲಿ ಅದು ಎಮ್ಮೆಯನ್ನೂ ಹೊತ್ತೊಯ್ಯುತ್ತದೆ, ಹರಗೋಲಿಲ್ಲದೆ ದಾಟುವಂತಿಲ್ಲ. ಶಿವರಾತ್ರಿ ಕಳೆದರೆ ಉಸುಕು. ಗಾಡಿಗಳು ಹೊಳೆಯ ಎದೆಯ ಮೇಲೇ ಗಾಲಿ ಎಳೆದುಕೊಂಡು ಹೋಗುತ್ತವೆ. ಕೆರೆ ಬತ್ತಿದರೆ ಕೆರೆಯೊಳಗೇ ದಾರಿ ಬೀಳುತ್ತದೆ. ಬೇಸಿಗೆ ಎಂದರೆ ನಮಗೆ ದಾರಿಗಳು ಹತ್ತಿರವಾಗುವ ಕಾಲ. ಮಳೆಗಾಲದಲ್ಲಿ ಕರಿಮಣ್ಣು ಗಾಲಿಯನ್ನು ಅಚ್ಚಿನವರೆಗೆ ನುಂಗುತ್ತದೆ, ಚಳಿಗಾಲದಲ್ಲಿ ಸುಗ್ಗಿ. ಹೋಗುವುದಾದರೆ ಯುಗಾದಿಯ ನಂತರ ಹೊರಟು ಮುಂಗಾರಿನ ಮಿರಗದ ಮಳೆಗೆ ಮುಂಚೆ ಬಂದುಬಿಡಬೇಕು, ಬಿತ್ತನೆಗೆ ಎತ್ತು ಮನೆಯಲ್ಲಿರಬೇಕು. ಇಡೀ ಹಂಚಿಕೆ ನಿಂತದ್ದು ಆ ಬತ್ತಿದ ಹೊಳೆಗಳ ಮೇಲೆ.

ಯುಗಾದಿಗೆ ಕಾಕಾ ಬಂದ. ಅಪ್ಪನ ತಮ್ಮ, ತಾಂಡೂರಿನ ಕಲ್ಲಿನ ಗಣಿಯಲ್ಲಿ ಹಾಸುಗಲ್ಲು ಕೀಳುವ ಕೆಲಸ. ಅವನು ಬಂದರೆ ಮನೆಯಲ್ಲಿ ನಗುವಿಗೆ ಬರವಿಲ್ಲ. ಬೇವು-ಬೆಲ್ಲ ಬಾಯಿಗೆ ಹಾಕಿಕೊಂಡು ಮೊರದ ಮುಂದೆ ಕೂತ. ಅಷ್ಟರಲ್ಲಿ ಒಂದು ಗುಬ್ಬಿ ಹಾರಿ ಬಂದು ಜೋಳದ ಕಾಳೊಂದನ್ನು ಕಚ್ಚಿಕೊಂಡು ಹೋಯಿತು.

"ವೈನಿ, ಗುಬ್ಬಿ ನಿಮ್ಮ ಹುಬ್ಬಳ್ಳಿ ತಿಂದು ಹೋತು ನೋಡ್ರಿ! ಇನ್ನ ಆ ರಾತ್ರಿ ಎಲ್ಲಿ ಮಲಗ್ತೀರಿ?"

"ನಿನ್ನ ತಲಿ ಮ್ಯಾಲ ಮಲಗ್ತೀನಿ. ಬ್ಯಾರೆ ಕಾಳು ಕೊಡು ಇಲ್ಲಿ."

ಕಾಕಾ ಕಾಳು ಕೊಟ್ಟ. ಆಮೇಲೆ ನಗು ಬಿಟ್ಟು ಹೇಳಿದ, "ಖರೆ ಹೇಳ್ತೀನಿ ವೈನಿ, ತಾಂಡೂರಿಗಿ ಬರ್ರಿ. ನಾ ನಿಮಗ ರೈಲಿಗಿ ಹತ್ತಸ್ತೀನಿ. ಗಾಡ್ಯಾಗ ಇಷ್ಟು ದೂರ ಕುಲಕಿಸಿಕೊಂಡು ಹೋದ್ರ ಇದ್ದ ಎಲುಬೂ ಪುಡಿ ಆಗ್ತಾವು."

"ನೀ ಹತ್ತಸ್ತಿ. ಇಳಸಾವ್ರು ಯಾರು? ಒಂದು ರೈಲಿಂದ ಇನ್ನೊಂದಕ್ಕ ಯಾರು ಒಯ್ಯಾವ್ರು? ಟೇಷನ್ನಿನ ಹಮಾಲ್ರು ನನಗ ತೊಗರಿ ಚೀಲಾ ಹೊತ್ತಂಗ ಹೊರಬೇಕೇನು? ಮಂದಿ ನಿಂತು ನೋಡಬೇಕೇನು?" ಅವ್ವ ಹೊಸ ಕಾಳನ್ನು ಹುಬ್ಬಳ್ಳಿಯ ಜಾಗದಲ್ಲಿ ಒತ್ತಿ ಇಟ್ಟಳು. "ಗಾಡ್ಯಾಗಾದ್ರ ನಮ್ಮ ಅಂಗಳದಾಗ ಹತ್ತೀನಿ, ಸಮುದ್ರದಾಗ ಇಳೀತೀನಿ. ನಡುವ ನನಗ ಯಾರೂ ಮುಟ್ಟೂದಿಲ್ಲ."

ಕಾಕಾ ಮತ್ತೆ ರೈಲಿನ ಮಾತೆತ್ತಲಿಲ್ಲ. ಬಿದಿರು ತಂದು ಗಾಡಿಗೆ ಕಮಾನು ಕಟ್ಟಿಕೊಟ್ಟು, ಒಳಗೆ ಹಿಡಿದುಕೊಳ್ಳಲು ಒಂದು ಹಗ್ಗದ ಕುಣಿಕೆ ಬಿಗಿದು ಹೋದ.

ಅಪ್ಪ ಒಂದು ಮಾತು ಹಿಡಿದಿದ್ದ. ಹೊರಡುವ ಮುಂಚೆ ಜಹೀರಾಬಾದಿನ ತನಕ ಒಮ್ಮೆ ಹೋಗಿ ನೋಡಬೇಕು. ಕುಲುಕಾಟ ಅವ್ವನಿಗೆ ತಡೆದೀತೇ ಎಂದು ತಿಳಿಯಬೇಕು, ಸಂತೆಯಲ್ಲಿ ಎತ್ತುಗಳಿಗೆ ಲಾಳ ಹೊಡೆಸಬೇಕು. ಕರಿಮಣ್ಣಿನಲ್ಲಿ ಬೆಳೆದ ಎತ್ತಿನ ಗೊರಸು ಘಟ್ಟದ ಕಲ್ಲಿಗೆ ನಿಲ್ಲುವುದಿಲ್ಲ. ಹಾಗೆ ಒಂದು ನಸುಕಿನಲ್ಲಿ ಅಪ್ಪ ಅವ್ವನನ್ನು ಎರಡೂ ತೋಳಿನಲ್ಲಿ ಎತ್ತಿ ತೊಗರಿ ಚೀಲಗಳ ಮೇಲೆ ಹಾಸಿದ ಕೌದಿಯ ಮೇಲೆ ಕೂಡಿಸಿದ. ಅವಳು ಮನೆ ಬಿಟ್ಟು ಹೊರಗೆ ಬಂದು ಎಷ್ಟೋ ವರ್ಷವಾಗಿತ್ತು. ಕಂಡದ್ದಕ್ಕೆಲ್ಲ ಕೂಗುತ್ತಿದ್ದಳು. "ಏ, ಆ ಬೇವಿನ ಗಿಡ ಎಷ್ಟು ಎತ್ತರ ಆಗ್ಯಾದ! ಏ, ಇವ್ರ ಮನಿ ಗ್ವಾಡಿ ಬಿದ್ದಾದಲ್ಲ, ನನಗ ಯಾಕ ಹೇಳಿಲ್ಲ?" ಊರ ಗೋಡೆ ಬಿದ್ದ ಸುದ್ದಿಯನ್ನು ಮುಚ್ಚಿಟ್ಟೆವೆಂದು ದಾರಿಯುದ್ದಕ್ಕೂ ನಮಗೆ ಬೈಗುಳ.

ರಾತ್ರಿ ಖೇಡದಲ್ಲಿ ತಂಗಿ ಮತ್ತೆ ನಸುಕಿನಲ್ಲೇ ಹೊರಟೆವು; ಮಾಂಜ್ರಾದ ನಡುವೆ ಅವಳು ಗಾಡಿ ನಿಲ್ಲಿಸಿದಳು. "ಇಳಸ್ರಿ ನನಗ."

ಅಪ್ಪ ಇಳಿಸಿದ. ಸುತ್ತ ಬಿಳಿ ಉಸುಕು, ದೂರದಲ್ಲಿ ಕಲ್ಲಂಗಡಿ ಬಳ್ಳಿ, ಬಿಸಿಲು ಇನ್ನೂ ಎಳೆಯದು. ಅವ್ವ ಕೈಯಿಂದ ಉಸುಕು ತೋಡಿದಳು. ತೋಡಿದಂತೆ ಒದ್ದೆಯಾಯಿತು, ಮೊಳದಾಳದಲ್ಲಿ ನೀರು ಜಿನುಗಿ ನಿಂತಿತು. ತನ್ನ ಕಾಲುಗಳನ್ನು ಒಂದೊಂದಾಗಿ ಕೈಯಿಂದ ಎತ್ತಿ ಆ ಗುಂಡಿಯಲ್ಲಿ ಇಟ್ಟಳು.

"ತಣ್ಣಗಾ ಆತೇನು?" ಅಪ್ಪ ಕೇಳಿದ.

"ನನಗೇನ್ ತಿಳೀತದ? ನೀವೇ ಮುಟ್ಟಿ ಹೇಳ್ರಿ."

ಅಪ್ಪ ಬಗ್ಗಿ ಅವಳ ಪಾದ ಮುಟ್ಟಿ, "ತಣ್ಣಗ ಅದಾವು" ಎಂದ. ಅವ್ವ ನನ್ನ ಕಡೆ ತಿರುಗಿ, "ನೋಡು, ಅಲ್ಲೀ ಹೊಳಿನೂ ಹಿಂಗೇ ಇರ್ತಾವು. ಮ್ಯಾಲ ಉಸಕು, ಕೆಳಗ ನೀರು. ಗಾಡಿ ಹೂವ ಸರದಂಗ ಸರೀತದ" ಎಂದಳು. ಅವಳ ಮುಖ ಅಷ್ಟು ತೆರೆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಜಹೀರಾಬಾದಿನಲ್ಲಿ ತೊಗರಿ ಇಳಿಯಿತು, ಎತ್ತುಗಳಿಗೆ ಲಾಳವೂ ಆಯಿತು. ಟೇಷನ್ನಿನ ಹತ್ತಿರ ಒಬ್ಬರು ಚಹಾದ ಹೋಟೆಲ್ ಇಟ್ಟಿದ್ದರು. ಕಡಲ ಕಡೆಯಿಂದ ಬಂದವರು, ಎಲ್ಲರೂ ಅವರನ್ನು ಭಟ್ಟರು ಅನ್ನುತ್ತಿದ್ದರು. ಅವರು ಆ ಕಡೆಯವರೆಂದು ಅಪ್ಪನಿಗೆ ಗೊತ್ತಿತ್ತು. ಅವ್ವನಿಗೂ ಹೇಳಿದ್ದ. ಅವರನ್ನೇ ಕರೆಯಿರಿ, ತಾನೇ ಕೇಳಬೇಕು ಎಂದಳು. ಅಪ್ಪ ಬೇವಿನ ನೆರಳಿಗೆ ಗಾಡಿ ತಂದು ನಿಲ್ಲಿಸಿದ. ಭಟ್ಟರು ತಾವೇ ಚಹಾ ಹಿಡಿದು ಬಂದರು. ಅವ್ವ ಕಮಾನಿನೊಳಗೆ ಸೆರಗು ಹೊದ್ದು, ಕಾಲ ಮೇಲೆ ಕೌದಿ ಎಳೆದುಕೊಂಡು ಕೂತಿದ್ದಳು. ನೋಡಿದವರಿಗೆ ಯಾತ್ರೆಗೆ ಹೊರಟ ಒಬ್ಬ ಗರತಿ, ಅಷ್ಟೆ.

"ಗೋಕರ್ಣಕ್ಕಾ! ಅದು ನಮ್ಮ ಊರ ಹತ್ತಿರವೇ ಅಮ್ಮ!" ಭಟ್ಟರ ಮುಖ ಹಿಗ್ಗಿತು. ಎಷ್ಟು ಕಾಲದಿಂದ ಯಾರೂ ಅವರನ್ನು ಅವರ ಊರ ಬಗ್ಗೆ ಕೇಳಿರಲಿಲ್ಲವೋ. "ಗೋಕರ್ಣದವರೆಗೆ ಗಾಡಿ ಹೋಗ್ತದೆ. ಅಲ್ಲಿಂದ ಮುಂದೆ ಹೊಳೆ ಉಂಟಲ್ಲ?"

"ಬ್ಯಾಸಗ್ಯಾಗ್ರೀ ನಾವು ಹೋಗೂದು," ಅವ್ವ ಅಂದಳು.

"ಬೇಸಿಗೆ ಆದ್ರೇನು?"

"ಹೊಳಿ ಬತ್ತಿರ್ತಾವಲ್ರಿ."

ಭಟ್ಟರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವರು ನಗಲಿಲ್ಲ, ಅದೊಂದು ಉಪಕಾರ. "ಇಲ್ಲಮ್ಮ. ಅಲ್ಲಿ ಹೊಳೆ ಬತ್ತುವುದೇ ಇಲ್ಲ. ಮೇಲಿಂದ ನೀರು ಬಾರದಿದ್ರೆ ಏನಾಯ್ತು, ಕೆಳಗಿಂದ ಸಮುದ್ರವೇ ಹೊಳೆಯೊಳಗೆ ಬರ್ತದೆ. ಹಗಲು ಒಮ್ಮೆ ತುಂಬ್ತದೆ, ರಾತ್ರಿ ಒಮ್ಮೆ ತುಂಬ್ತದೆ. ಎಂಥಾ ಬೇಸಿಗೆ ಇರಲಿ."

"ದಿನಾ?"

"ದಿನಾ ಅಮ್ಮ. ದೊಡ್ಡ ಹೊಳೆ ದಾಟ್ಲಿಕ್ಕೆ ದೋಣಿ ಬೇಕು. ಗಾಡಿ ಬಿಚ್ಚಬೇಕು, ಎತ್ತು ಬೇರೆ ಆಗಬೇಕು. ನೀರು ಇಳಿದ ಹೊತ್ತಿಗೆ ಹೋದ್ರೆ ದೋಣಿ ದಂಡೆಗೆ ಬರುವುದಿಲ್ಲ, ಮೊಣಕಾಲುದ್ದ ಕೆಸರಿನಲ್ಲಿ ಇಳಿದು ನಡೀಬೇಕು. ನಡೆಯುವವರಿಗೆ ಏನೂ ತೊಂದರೆ ಇಲ್ಲ ಬಿಡಿ."

ಅಪ್ಪ ಎತ್ತಿನ ಕೊರಳು ಸವರುತ್ತಾ ನಿಂತಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಗೋಕರ್ಣ ಒಂದನ್ನಾದರೂ ನೋಡಿ ಬರೋಣ ಎಂದು ಅಪ್ಪ ಅನ್ನುತ್ತಿದ್ದನೋ ಏನೋ. ಆದರೆ ಅವ್ವ ಬಿಡುವವಳಲ್ಲ. ಬಸಿಯಲ್ಲಿನ ಚಹಾ ತಣ್ಣಗಾಗಿತ್ತು. ಅದನ್ನೇ ನೋಡುತ್ತಾ ಕೇಳಿದಳು.

"ಭಟ್ಟರೇ, ನಮ್ಮ ಊರಾಗ ಒಬ್ಬಾಕಿ ಅದಾಳ್ರಿ. ಕಾಲು ಬಿದ್ದಾವು. ಸಮುದ್ರದ ಉಪ್ಪುನೀರಾಗ ಕೂತ್ರ ಅಂಥವ್ರು ಎದ್ದು ನಡೀತಾರಂತ. ನೀವು ಕಂಡೀರೇನ್ರಿ?"

ಭಟ್ಟರು ಹೆಗಲ ಮೇಲಿನ ವಸ್ತ್ರದಿಂದ ಕೈ ಒರೆಸಿಕೊಂಡರು. "ನನ್ನ ತಾಯಿಗೂ ಕಾಲು ಇರಲಿಲ್ಲಮ್ಮ. ನಾನು ಹುಟ್ಟಿದ ಮೇಲೆ ಹೋದದ್ದು. ನಮ್ಮ ಮನೆಯ ಹಿತ್ತಲಲ್ಲೇ ಸಮುದ್ರ. ಅಪ್ಪ ದಿನಾ ಎತ್ತಿಕೊಂಡು ಹೋಗಿ ನೀರಲ್ಲಿ ಕೂರಿಸ್ತಿದ್ರು. ಎಷ್ಟೋ ವರ್ಷ." ವಸ್ತ್ರವನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, "ತಂಪು ಅನ್ನಿಸ್ತದೆ ಅಂತಿದ್ಲು. ಅಷ್ಟೇ" ಎಂದರು. ಆಮೇಲೆ, ಯಾತ್ರೆಗೆ ಹೊರಟವರ ಮನಸ್ಸು ನೋಯಿಸಬಾರದೆಂದೋ ಏನೋ, "ಅವರಿಗೆ ದೇವರು ಒಳ್ಳೇದು ಮಾಡ್ಲಿ ಅಂತ ಹೇಳಿ, ನಿಮ್ಮ ಊರಿನವರಿಗೆ" ಎಂದರು.

"ಹೇಳ್ತೀನ್ರಿ," ಅಂದಳು ಅವ್ವ.

ನನ್ನ ಕೈಯಲ್ಲಿ ಕಪ್ಪು-ಬಸಿ ಕೊಟ್ಟು ಕಳಿಸಿದಳು. ನಾನು ಹೋಟೆಲಿನ ಮೆಟ್ಟಿಲವರೆಗೆ ಓಡಿಹೋಗಿ ಓಡಿಬಂದೆ. ಬರುವಾಗ ಅವ್ವ ನನ್ನ ಕಾಲುಗಳನ್ನೇ ನೋಡುತ್ತಿದ್ದಳು.

ತಿರುಗಿ ಬರುವಾಗ ದಾರಿಯಲ್ಲಿ ಬೈಗುಳವೂ ಇರಲಿಲ್ಲ. ಹೊಸ ಲಾಳದ ಎತ್ತುಗಳು ಕಲ್ಲುದಾರಿಯ ಮೇಲೆ ಟಕಟಕ ಸದ್ದು ಮಾಡುತ್ತಿದ್ದವು. ಅವು ಮಾತ್ರ ಯಾತ್ರೆಗೆ ತಯಾರಾಗಿದ್ದವು. ಮಾಂಜ್ರಾದ ಉಸುಕಿಗೆ ಬಂದಾಗ ಅಪ್ಪ ಹಗ್ಗ ಜಗ್ಗಿ, "ಇಳಸ್ಲೇನು?" ಎಂದು ಕೇಳಿದ.

"ಬ್ಯಾಡ. ಹೊಡೀರಿ."

ಅವಳು ತೋಡಿದ ಗುಂಡಿ ಅಲ್ಲೇ ಇತ್ತು. ಯಾರದೋ ದನ ಕುಡಿದು ಅಂಚು ತುಳಿದಿತ್ತು.

ಮನೆಗೆ ಬಂದ ಮರುದಿನ ಅವ್ವ ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮೊದಲು, ಕಿತ್ತು ಹಾಕಿದ್ದ ನೂಲಿನ ಎಳೆಗಳನ್ನು ಹುಡುಕಿ ತರಿಸಿ, ಇದ್ದ ಜಾಗದಲ್ಲಿ ಮತ್ತೆ ಇಟ್ಟಳು. ಯಾಕೆ ಇಟ್ಟಳೋ. ನೋಡಿದಳು. ಆಮೇಲೆ ಕಾಳುಗಳನ್ನು ಬಳಿದು ಒಂದು ಬಟ್ಟಲಿಗೆ ಹಾಕಿದಳು. ಅಂಚಿನ ಉಪ್ಪನ್ನು ಅಂಗೈಗೆ ಸುರಿದುಕೊಂಡು ಒಲೆಯ ಕಡೆಗೆ ಸರಿದು, ಕುದಿಯುತ್ತಿದ್ದ ಬೇಳೆಗೆ ಹಾಕಿದಳು. ಹೆಚ್ಚಾಯಿತು. ಅವತ್ತಿನ ಬೇಳೆ ಬಾಯಿಗೆ ಇಡುವಂತಿರಲಿಲ್ಲ. ಅಪ್ಪ ಎರಡು ಸಲ ಹಾಕಿಸಿಕೊಂಡು ಉಂಡ.

"ಉಪ್ಪ ಆಗ್ಯಾದಲ್ಲ," ಎಂದಳು ಅವ್ವ.

"ಇಲ್ಲ. ಬರೋಬರಿ ಅದಾ."

ಅದರ ಮುಂದಿನ ವರ್ಷ ಇಂಗ್ರೇಜರು ಹೋದರು. ಸರಹದ್ದಿನ ಆಚೆ ಇನ್ನೊಂದು ದೇಶವಾಯಿತು, ನಾವು ಈಚೆಯಲ್ಲೇ ಉಳಿದೆವು. ನಾಕಾದಲ್ಲಿ ಬಂದೂಕು ಬಂದವು. ರಾತ್ರಿ ದೀಪ ಹಚ್ಚಲು ಹೆದರಿಕೆ. ಆಚೆಯಿಂದ ಸಾಮಾನು ಬರುವುದು ನಿಂತಿತು, ಎಲ್ಲಕ್ಕಿಂತ ಮೊದಲು ಉಪ್ಪು ನಿಂತಿತು. ಇದ್ದವರು ಗಡಿಗೆಯ ತಳ ಕೆರೆದು ಹಾಕುತ್ತಿದ್ದರು, ಇಲ್ಲದವರು ಸಪ್ಪೆ ಅಂಬಲಿ ಕುಡಿಯುತ್ತಿದ್ದರು. ಉಪ್ಪಿಲ್ಲದ ಊಟ ಉಂಡ ಮಂದಿಯ ಮುಖವೇ ಬೇರೆ ಇರುತ್ತದೆ. ಅವರು ಹೋದ ಮರುವರ್ಷದ ಬೇಸಿಗೆಯಲ್ಲಿ ಅವ್ವನಿಗೆ ಬೆನ್ನಿನಲ್ಲಿ ಹುಣ್ಣಾಗಿ ಜ್ವರ ಬಂತು. ಹಕೀಮನನ್ನು ತರಲು ಜಹೀರಾಬಾದಿನ ದಾರಿಯಲ್ಲಿ ಗಾಡಿ ಹೊಡೆಯುವ ಧೈರ್ಯ ಯಾರಿಗೂ ಇರಲಿಲ್ಲ. ಅಪ್ಪ ಹೊರಟಿದ್ದ, ಊರವರು ನೊಗ ಹಿಡಿದು ನಿಲ್ಲಿಸಿದರು. ಮಿರಗದ ಮೊದಲ ಮೋಡ ಕಂಡ ದಿನ ಅವ್ವ ಹೋದಳು.

ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ಕುಣಿಯಲ್ಲಿ ಕೂಡಿಸಿ, ಕೈಯಲ್ಲಿ ಲಿಂಗವಿಟ್ಟು, ಸುತ್ತ ವಿಭೂತಿ, ಉಪ್ಪು ತುಂಬಿ ಮಣ್ಣು ಕೊಡುತ್ತೇವೆ. ಎಲ್ಲರಿಗೂ ಹಾಗೆಯೇ, ನಡೆದವರಿಗೂ ನಡೆಯದವರಿಗೂ. ವಿಭೂತಿ ಇತ್ತು. ಉಪ್ಪು ಎಲ್ಲಿಂದ ತರಬೇಕು? ಚೀಲಗಟ್ಟಲೆ ಬೇಕಾಗುವಲ್ಲಿ ಇಡೀ ಊರಲ್ಲಿ ಒಂದು ಸೇರು ಇರಲಿಲ್ಲ. ಅಪ್ಪ ಒಂದು ಬುಟ್ಟಿ ಹಿಡಿದು ಮನೆಮನೆಗೆ ಹೋದ, ನಾನು ಹಿಂದೆ ಹೋದೆ. ತಮ್ಮ ಬೇಳೆಗೆ ಇಟ್ಟುಕೊಂಡದ್ದನ್ನು ಹೆಂಗಸರು ಚಿಟಿಕೆ ಚಿಟಿಕೆ ತಂದು ಹಾಕಿದರು. ಒಬ್ಬ ಮುದುಕಿ ಗಡಿಗೆ ತೊಳೆದ ಉಪ್ಪುನೀರನ್ನೇ ಚೊಂಬಿನಲ್ಲಿ ಕೊಟ್ಟಳು. ಎಲ್ಲ ಸೇರಿ ಒಂದು ಬೊಗಸೆ ಆಯಿತು.

ಅಪ್ಪ ಕುಣಿಗಿಳಿದು ಆ ಬೊಗಸೆ ಉಪ್ಪನ್ನು ಅವ್ವನ ಪಾದಗಳ ಮೇಲೆ ಹಾಕಿದ. ಕಾಲುಂಗುರ ಮುಚ್ಚುವಷ್ಟು ಆಯಿತು, ಅದರ ಮೇಲಕ್ಕೆ ಆಗಲಿಲ್ಲ. ಮಂತ್ರ ಹೇಳುತ್ತಿದ್ದ ಊರ ಮಠದ ಅಯ್ಯನವರು, "ಅಲ್ಲಿ ಅಲ್ಲಪ್ಪಾ, ಸುತ್ತಲೂ ಹಾಕಬೇಕು" ಎಂದರು.

"ಇಲ್ಲೇ ಇರಲಿ ಬಿಡ್ರಿ," ಎಂದ ಅಪ್ಪ. ಆ ಮುದುಕಿಯ ಚೊಂಬಿನ ನೀರನ್ನೂ ಅಲ್ಲಿಯೇ ಸುರಿದ. ಕುಣಿಯಿಂದ ಹತ್ತಿ ಬರಲು ಅವನಿಗೆ ಇಬ್ಬರು ಕೈ ಕೊಡಬೇಕಾಯಿತು.

ಇಷ್ಟು ಬರೆಯುವಷ್ಟರಲ್ಲಿ ಬೆಳಗಾಗಿದೆ. ಕೂಸು ಎದ್ದಿದೆ, ಮತ್ತೆ ಹೊಸ್ತಿಲ ಹತ್ತಿರ ಹೋಗಿ ನಿಂತಿದೆ, ನೋಡಿರಿ, ಒಂದು ಕಾಲು ಎತ್ತಿದೆ! ಸೊಸೆ ಬಂದು, "ಅತ್ತೀ, ಇಂಥಾ ಹೊತ್ತಿನ್ಯಾಗ ಯಾಕ ಅಳ್ಲಾಕತ್ತೀರಿ?" ಎಂದು ಕೇಳಿದಳು. ಖುಷಿಗೆ ಅಂದೆ. ಸುಳ್ಳಲ್ಲ. ಮಗನಿಗೂ ಉತ್ತರ ಕೊಟ್ಟೆ, ನೀವು ಹೋಗಿ ಬರ್ರಿ, ನಾನು ಬರುವುದಿಲ್ಲ ಎಂದು. ಹೊಳೆಗಳಿಗೆಲ್ಲ ಈಗ ಸೇತುವೆ ಆಗಿವೆ ಯವ್ವಾ ಎಂದ. ಆಗಿರಬಹುದು. ಆದರೆ ಸೇತುವೆಯ ಮೇಲೆ ಬಸ್ಸಿನಲ್ಲಿ ಕೂತು ದಾಟುವಾಗ ಕೆಳಗೆ ಆ ನೀರು ತುಂಬುವುದನ್ನು ನಾನು ನೋಡಲಾರೆ.